ಬಿಳಿ ಕಾರ್ಡಿನ ಬಡವರು

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಬ್ಬ ಹಿರಿಯರಿದ್ದರು. ಬಾಲ್ಯದಲ್ಲಿಯೇ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆಯುತ್ತ, ರಾತ್ರಿ ಶಾಲೆಯಲ್ಲಿ ಕನ್ನಡ ಓದುತ್ತ, ಕೊನೆಗೆ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯನ್ನು ತಲುಪಿದವರು. ಪರೇಲಿನ ಖೋಲಿಯನ್ನು ಮಾರಿ ಬದಲಾಪುರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರ ಕೊಂಡಿದ್ದರು. ನಮ್ಮ ಯಾವ ಕಾರ್ಯಕ್ರಮವಿದ್ದರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎರಡನೆಯ ಸಾಲಿನಲ್ಲಿ ಕುಳಿತಿರುತ್ತಿದ್ದರು. 2022ರ ಮಳೆಗಾಲದಲ್ಲಿ ಅವರು ಪಾರ್ಶ್ವವಾಯುವಿನಿಂದ ಕುಸಿದು ಬಿದ್ದ ದಿನ, ಯಾವ ಔಷಧ ತೆಗೆದುಕೊಳ್ಳುತ್ತಿದ್ದರೆಂದು ನಾವು ಕೇಳಿದಾಗ ಅವರ ಹೆಂಡತಿ ತಗ್ಗಿದ ದನಿಯಲ್ಲಿ ಹೇಳಿದರು: ರಕ್ತದೊತ್ತಡದ ಮಾತ್ರೆಯನ್ನು ಅವರು ಎರಡು ವರ್ಷಗಳಿಂದ ದಿನ ಬಿಟ್ಟು ದಿನ ನುಂಗುತ್ತಿದ್ದರು. ಒಂದು ತಿಂಗಳ ಮಾತ್ರೆ ಎರಡು ತಿಂಗಳು ಬರುತ್ತಿತ್ತು.

ಮುಂದಿನದು ಈ ಸೀಮೆಯ ಎಲ್ಲರಿಗೂ ಗೊತ್ತಿರುವ ಯಾತ್ರೆ. ಮೊದಲ ಆಸ್ಪತ್ರೆ ಎರಡನೆಯದಕ್ಕೆ ಚೀಟಿ ಬರೆಯಿತು, ಎರಡನೆಯದು ಹಾಸಿಗೆಯಿಲ್ಲವೆಂದಿತು. ಖಾಸಗಿ ನರ್ಸಿಂಗ್ ಹೋಮಿನ ಮುಂಗಡಕ್ಕೆ ಬಳೆಗಳು ಹೋದವು. ನಾಲ್ಕನೆಯ ದಿನ ಹಣ ಮುಗಿದು ದೊಡ್ಡ ಸಾರ್ವಜನಿಕ ಆಸ್ಪತ್ರೆಗೆ ಒಯ್ದಾಗ, ಯೋಜನೆಯ ಮೇಜಿನಲ್ಲಿದ್ದ ಗುಮಾಸ್ತರು ಕೇಳಿದ್ದು ರೇಶನ್ ಕಾರ್ಡಿನ ಬಣ್ಣವನ್ನು. ಬಿಳಿ. ಹಾಗಿದ್ದರೆ ಯೋಜನೆ ಅನ್ವಯಿಸುವುದಿಲ್ಲ. ಒಂಬತ್ತನೆಯ ದಿನ ಅವರು ತೀರಿಕೊಂಡರು. ಶವ ತರಲು ಆಂಬುಲೆನ್ಸಿನ ಹಣವನ್ನು ನಾವು ನಾಲ್ಕು ಮಂದಿ ಕೂಡಿಸಿದಾಗ ಆ ತಾಯಿ ಕೈಮುಗಿದು ಹೇಳಿದ್ದು ಒಂದೇ ಮಾತು: "ಯಾರತ್ರೂ ಹೇಳ್ಬೇಡಿ ಮಾರಾಯ್ರೆ." ಈಗ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇಡವೆಂದರು.

ಈ ಸಾವಿಗೆ ಇಬ್ಬರು ಹೊಣೆಗಾರರೆಂಬುದು ನನ್ನ ವಾದ. ಬಡತನಕ್ಕೆ ಪುರಾವೆ ಕೇಳುವ ಸರ್ಕಾರ ಒಂದು ಕಡೆ. ಬಡತನವನ್ನು ಪಾಪವೆಂಬಂತೆ ಬಚ್ಚಿಡಲು ಕಲಿಸಿದ ನಮ್ಮ ಸಮಾಜ ಇನ್ನೊಂದು ಕಡೆ. ಇಬ್ಬರೂ ಒಬ್ಬರಿಗೊಬ್ಬರು ಅನುಕೂಲ ಮಾಡಿಕೊಡುತ್ತಿದ್ದಾರೆ.

ಮೊದಲು ಸರ್ಕಾರದ ಲೆಕ್ಕ ನೋಡೋಣ. ಮಹಾರಾಷ್ಟ್ರದಲ್ಲಿ ಹಳದಿ, ಕೇಸರಿ, ಬಿಳಿ ಎಂಬ ಮೂರು ಬಣ್ಣದ ಪಡಿತರ ಚೀಟಿಗಳ ಪದ್ಧತಿ 1999ರ ಮೇ 1ರಂದು ಆರಂಭವಾಯಿತು. ಕುಟುಂಬದ ವಾರ್ಷಿಕ ವರಮಾನ 1 ಲಕ್ಷ ರೂಪಾಯಿ ಮುಟ್ಟಿದರೆ ಬಿಳಿ ಕಾರ್ಡು. ಅಂದರೆ ತಿಂಗಳಿಗೆ 8,333 ರೂಪಾಯಿ. ಆ ಕಾಲಕ್ಕೆ ಅದು ಗುಮಾಸ್ತನೊಬ್ಬನ ನೆಮ್ಮದಿಯ ಸಂಬಳವಾಗಿದ್ದಿರಬಹುದು. ಇಂದು ತಿಂಗಳಿಗೆ 14,000 ಗಳಿಸುವ ಕಾವಲುಗಾರನ ವಾರ್ಷಿಕ ವರಮಾನ 1,68,000. ಮನೆಯ ಕಂತು, ರೈಲಿನ ಪಾಸು, ಮಕ್ಕಳ ಶುಲ್ಕ ಕಳೆದು ಅವನ ಕೈಯಲ್ಲಿ ಉಳಿಯುವುದೆಷ್ಟು ಎಂದು ಯಾವ ನಮೂನೆಯೂ ಕೇಳುವುದಿಲ್ಲ. ಕಾಗದದ ಮೇಲೆ ಅವನು ಉಳ್ಳವನು.

2012ರಲ್ಲಿ ರಾಜೀವ ಗಾಂಧಿ ಜೀವನದಾಯೀ ಯೋಜನೆಯೆಂದು ಆರಂಭವಾಗಿ, 2017ರಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯೆಂದು ಹೆಸರು ಬದಲಿಸಿಕೊಂಡ ವಿಮೆ, ಮುಖ್ಯವಾಗಿ ಹಳದಿ ಮತ್ತು ಕೇಸರಿ ಕಾರ್ಡಿನವರಿಗೇ ಮೀಸಲಾಗಿತ್ತು. 2023ರ ಜೂನಿನಲ್ಲಿ ರಾಜ್ಯ ಸಂಪುಟವು ಅದನ್ನು ಬಿಳಿ ಕಾರ್ಡಿನವರೂ ಸೇರಿದಂತೆ ಎಲ್ಲರಿಗೂ ವಿಸ್ತರಿಸಿ, ಮೊತ್ತವನ್ನು ಒಂದೂವರೆ ಲಕ್ಷದಿಂದ 5 ಲಕ್ಷಕ್ಕೆ ಏರಿಸುವ ತೀರ್ಮಾನ ಮಾಡಿತು. ಒಳ್ಳೆಯ ತೀರ್ಮಾನವೆಂದು ಒಪ್ಪಿಕೊಳ್ಳಬೇಕು. ನಮ್ಮ ಹಿರಿಯರ ಪಾಲಿಗೆ ಒಂದು ವರ್ಷ ತಡವಾಯಿತಷ್ಟೆ. ಆದರೆ ಬಣ್ಣದ ಪ್ರಶ್ನೆ ಹೋದ ಕಡೆ ಬೇರೆ ಪ್ರಶ್ನೆಗಳು ನಿಂತಿವೆ. ಕಾರ್ಡು ಇಲ್ಲಿಯದೇ? ಊರಿನ ಮನೆಯ ಕಾರ್ಡಿನಲ್ಲಿ ಹೆಸರು ಉಳಿದಿದೆಯೇ? ಇಲ್ಲಿಯ ವಾಸದ ಪ್ರಮಾಣಪತ್ರ, ಅಂದರೆ ಡೊಮಿಸೈಲ್, ಬೇಕಾದರೆ ಹದಿನೈದು ವರ್ಷಗಳ ವಾಸಕ್ಕೆ ದಾಖಲೆ ಇದೆಯೇ? ಹೋಟೆಲಿನ ಅಟ್ಟದ ಮೇಲೆ ಮಲಗಿ ಹತ್ತು ವರ್ಷ ಕಳೆದವನು ಆ ಹತ್ತು ವರ್ಷಕ್ಕೆ ಯಾವ ವಿದ್ಯುತ್ ಬಿಲ್ಲು ತೋರಿಸಬೇಕು? ಕರ್ನಾಟಕದ ಪಾಲಿಗೆ ನಾವು ಊರು ಬಿಟ್ಟವರು. ಮಹಾರಾಷ್ಟ್ರದ ಪಾಲಿಗೆ ಹೊರಗಿನಿಂದ ಬಂದವರು. ಎರಡು ರಾಜ್ಯಗಳ ಕಡತಗಳ ನಡುವೆ ಹೊರನಾಡ ಕನ್ನಡಿಗನ ಕಾಯಿಲೆಗೆ ಜಾಗವಿಲ್ಲ.

ಇನ್ನೂ ಒಂದು ಕೊರತೆ ಇದೆ. ಇಂಥ ವಿಮೆ ಆಸ್ಪತ್ರೆಗೆ ದಾಖಲಾದ ಮೇಲಿನ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಹಣ ಕೊಡುತ್ತದೆ. ದಿನನಿತ್ಯ ನುಂಗಬೇಕಾದ ಮಾತ್ರೆಯ ಖರ್ಚು ರೋಗಿಯದೇ. ಪಾರ್ಶ್ವವಾಯುವಿಗೆ ಲಕ್ಷಗಟ್ಟಲೆ ತೆರಲು ಸಿದ್ಧವಿರುವ ವ್ಯವಸ್ಥೆ, ಅದನ್ನು ತಡೆಯಬಹುದಾಗಿದ್ದ ಮಾತ್ರೆಯನ್ನು ಮನೆಯ ಬಾಗಿಲಿಗೆ ಮುಟ್ಟಿಸಲಾರದು. ಸರ್ಕಾರಿ ದವಾಖಾನೆಯಲ್ಲಿ ಮಾತ್ರೆ ಉಚಿತವಲ್ಲವೇ ಎಂದು ಕೇಳುವವರಿದ್ದಾರೆ. ಬೆಳಗಿನ 6 ಗಂಟೆಯ ಲೋಕಲ್ ಹಿಡಿದು ರಾತ್ರಿ 10ಕ್ಕೆ ಮರಳುವವನು ಆ ದವಾಖಾನೆಯ ಬಾಗಿಲು ತೆರೆದಿರುವುದನ್ನು ನೋಡುವುದು ರಜೆ ಹಾಕಿದ ದಿನ ಮಾತ್ರ; ರಜೆ ಹಾಕಿದ ದಿನದ ಕೂಲಿಯೂ ಇಲ್ಲ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ 2021–22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ. 39.4ರಷ್ಟನ್ನು ಜನ ತಮ್ಮ ಜೇಬಿನಿಂದಲೇ ತೆತ್ತಿದ್ದಾರೆ. 2013–14ರಲ್ಲಿ ಇದು ಶೇ. 64.2 ಇತ್ತು ಎಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ 2025ರ ವೇಳೆಗೆ ಸರ್ಕಾರಿ ಆರೋಗ್ಯ ವೆಚ್ಚವನ್ನು ಒಟ್ಟು ದೇಶೀಯ ಉತ್ಪನ್ನದ ಶೇ. 2.5ಕ್ಕೆ ಏರಿಸುವುದಾಗಿ 2017ರ ಆರೋಗ್ಯ ನೀತಿ ಬರೆದುಕೊಟ್ಟಿತ್ತು. 2021–22ರಲ್ಲಿ ಅದು ಶೇ. 1.84ರಲ್ಲಿಯೇ ಇತ್ತು.

ಇನ್ನು ನಮ್ಮ ಜಿಲ್ಲೆ. 2023ರ ಆಗಸ್ಟ್ 12–13ರಂದು ಠಾಣೆ ಮಹಾನಗರಪಾಲಿಕೆಯ ಕಳವಾ ಆಸ್ಪತ್ರೆಯಲ್ಲಿ 24 ಗಂಟೆಗಳೊಳಗೆ 18 ರೋಗಿಗಳು ಸತ್ತರು. ಅಂದಿನ ಮುಖ್ಯಮಂತ್ರಿಗಳ ಸ್ವಂತ ನಗರವದು. ಜಿಲ್ಲಾ ಆಸ್ಪತ್ರೆಯ ಹಳೆಯ ಕಟ್ಟಡವನ್ನು ಹೊಸದಕ್ಕಾಗಿ ತೆರವು ಮಾಡಿದ್ದರಿಂದ ಅಲ್ಲಿಯ ಭಾರವೂ 500 ಹಾಸಿಗೆಗಳ ಈ ಆಸ್ಪತ್ರೆಯ ಮೇಲೆ ಬಿದ್ದಿತ್ತು. ಎರಡೇ ದಿನಗಳ ನಂತರ, ಆಗಸ್ಟ್ 15ರಿಂದ, ರಾಜ್ಯದ ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಎಲ್ಲ ಚಿಕಿತ್ಸೆಯೂ ಉಚಿತವಾಯಿತು. ಮಹಾನಗರಪಾಲಿಕೆಯ ಆಸ್ಪತ್ರೆ ಆ ಇಲಾಖೆಗೆ ಸೇರಿದ್ದಲ್ಲವಾದ್ದರಿಂದ ಕಳವಾಗೆ ಆ ಆದೇಶ ಅನ್ವಯಿಸಲಿಲ್ಲ. ಜ್ವರಕ್ಕೆ ಇಲಾಖೆಗಳ ಗಡಿ ಗೊತ್ತಿಲ್ಲ. ರೋಗಿ ಮಾತ್ರ ಅದನ್ನು ಬಾಯಿಪಾಠ ಮಾಡಿರಬೇಕು. ಅಕ್ಟೋಬರಿನಲ್ಲಿ ನಾಂದೇಡದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ 24 ಗಂಟೆಗಳಲ್ಲಿ 24 ಸಾವುಗಳಾದವು. ಅವರಲ್ಲಿ 12 ಮಂದಿ ನವಜಾತ ಶಿಶುಗಳು.

ಕಳವಾದ ಸಾವುಗಳಿಗೆ ಅಧಿಕಾರಿಗಳು ಕೊಟ್ಟ ವಿವರಣೆಗಳಲ್ಲಿ ಒಂದನ್ನು ನಾನು ಇಂದಿಗೂ ಮರೆತಿಲ್ಲ. ಕೆಲವು ರೋಗಿಗಳು ಖಾಸಗಿ ಆಸ್ಪತ್ರೆಗಳಿಂದ ತೀರ ಕೊನೆಯ ಹಂತದಲ್ಲಿ ಬಂದರು ಎಂಬುದು ಆ ವಿವರಣೆ. ಹೊಣೆ ಜಾರಿಸಿಕೊಳ್ಳಲು ಆಡಿದ ಮಾತಿರಬಹುದು, ಆದರೆ ಸುಳ್ಳಲ್ಲ. ಏಕೆ ಕೊನೆಯ ಹಂತದಲ್ಲಿ ಬರುತ್ತಾರೆ? ನಮ್ಮ ಹಿರಿಯರು ಬಂದದ್ದೂ ಹಾಗೆಯೇ. ಬಳೆ ಇರುವತನಕ ಖಾಸಗಿ, ಬಳೆ ಹೋದ ಮೇಲೆ ಸರ್ಕಾರಿ. ಸರ್ಕಾರಿ ಆಸ್ಪತ್ರೆಗೆ ಹೋದರೆಂದು ಬಂಧುಗಳಿಗೆ ತಿಳಿದರೆ ಮಾನ ಹೋಗುತ್ತದೆಂಬ ಭಯದಲ್ಲಿ ಕಳೆದುಹೋಗುವ ಆ ಮೂರು ದಿನಗಳಲ್ಲಿಯೇ ಜೀವ ಉಳಿಯುವ ಅವಕಾಶ ಇರುತ್ತದೆ.

ಬದಲಾಪುರದಂಥ ಊರುಗಳ ಕಷ್ಟಕ್ಕೆ ಇನ್ನೊಂದು ಕಾರಣ ನಮ್ಮನ್ನು ಯಾರೂ ಎಣಿಸದಿರುವುದು. 2011ರ ಜನಗಣತಿಯಲ್ಲಿ ಕುಳಗಾಂವ್-ಬದಲಾಪುರದ ಜನಸಂಖ್ಯೆ ಸುಮಾರು 1.74 ಲಕ್ಷ. ಮುಂಬಯಿಯಲ್ಲಿ ಮನೆ ಸಾಕಲಾಗದವರು ಆ ಬಳಿಕ ಬಂದು ಕಟ್ಟಿಕೊಂಡ ಕಟ್ಟಡಗಳ ಸಾಲುಗಳು ಆ ಲೆಕ್ಕದಲ್ಲಿಲ್ಲ. 2021ರ ಗಣತಿ ನಡೆಯಲೇ ಇಲ್ಲ. 'ಗ್ರಾಮೀಣ ರುಗ್ಣಾಲಯ'ಕ್ಕೆ ಈ ರಾಜ್ಯ ಇಟ್ಟುಕೊಂಡಿರುವ ಅಳತೆ 30 ಹಾಸಿಗೆ. ಗ್ರಾಮವೆಂದು ಕರೆದು ನಗರವನ್ನು ತುಂಬಿದರೆ ಏನಾಗುತ್ತದೋ ಅದೇ ಆಗಿದೆ: ಇಲ್ಲಿಂದ ಉಲ್ಲಾಸನಗರ, ಅಲ್ಲಿಂದ ಕಳವಾ, ಅಲ್ಲಿಂದ ಸಾಯನ್ ಅಥವಾ ಪರೇಲಿನ ಕೆ.ಇ.ಎಂ. ನಾವು ದುಡಿಯಲು ಹೋಗುವ ರೈಲುಮಾರ್ಗದಲ್ಲಿಯೇ ನಮ್ಮ ರೋಗಿಗಳೂ ಹೋಗಬೇಕು.

ರೈಲಿನ ಮಾತು ಬಂದದ್ದರಿಂದ ಒಂದು ಮೊಕದ್ದಮೆಯನ್ನು ನೆನಪಿಸುತ್ತೇನೆ. 1992ರ ಜುಲೈನಲ್ಲಿ ಪಶ್ಚಿಮ ಬಂಗಾಳದ ಮಥುರಾಪುರ ನಿಲ್ದಾಣದಲ್ಲಿ ಹಕೀಮ್ ಶೇಖ್ ಎಂಬ ಕೃಷಿ ಕಾರ್ಮಿಕ ರೈಲಿನಿಂದ ಬಿದ್ದ. ಕಲಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದರ ಹಿಂದೊಂದರಂತೆ ಅವನನ್ನು ಹಿಂದಕ್ಕೆ ಕಳಿಸಿದವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತು ಬದುಕಿದ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ, ತುರ್ತು ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೆಯ ವಿಧಿಯ ಉಲ್ಲಂಘನೆಯೆಂದೂ, ಹಣವಿಲ್ಲವೆಂಬ ನೆಪದಿಂದ ಸರ್ಕಾರ ಆ ಹೊಣೆಯಿಂದ ನುಣುಚಿಕೊಳ್ಳಲಾಗದೆಂದೂ ತೀರ್ಪಿತ್ತು 25,000 ರೂಪಾಯಿ ಪರಿಹಾರ ಕೊಡಿಸಿತು. 2025ರ ಜೂನ್ 9ರಂದು ಮುಂಬ್ರಾ ಬಳಿ ತುಂಬಿತುಳುಕುವ ಲೋಕಲ್‌ಗಳಿಂದ ಜನ ಉದುರಿ ಬಿದ್ದರು. ನಾಲ್ವರು ಅಂದೇ ಸತ್ತರು. ಗಾಯಾಳುಗಳನ್ನು ಒಯ್ದದ್ದು ಅದೇ ಕಳವಾ ಆಸ್ಪತ್ರೆಗೆ.

ಕಾನೂನಿನಲ್ಲಿ ಹಕ್ಕು ಇಲ್ಲವೆಂದಲ್ಲ. ಮಹಾರಾಷ್ಟ್ರದ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾನೂನಿನ 41ಎಎ ಕಲಮಿನಡಿ ಧರ್ಮಾರ್ಥ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನು ಶೇ. 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ಬಿಲ್ಲಿನ ಶೇ. 2ರಷ್ಟನ್ನು ಬಡ ರೋಗಿಗಳ ನಿಧಿಗೆ ಹಾಕಬೇಕು. ತುರ್ತು ಸ್ಥಿತಿಯಲ್ಲಿ ಬಂದವರನ್ನು ಮುಂಗಡ ಕೇಳದೆ ಸೇರಿಸಿಕೊಳ್ಳಬೇಕು. ನಮ್ಮ ಸಂಘಗಳ ಸಭೆಗಳಲ್ಲಿ ನಾನು ಅನೇಕ ಬಾರಿ ವಿಚಾರಿಸಿದ್ದೇನೆ. ಈ ಕಲಮಿನ ಹೆಸರು ಕೇಳಿದವರು ಬೆರಳೆಣಿಕೆಯಷ್ಟು. ಕೇಳಿದವರೂ ತಹಸೀಲ್ದಾರರ ವರಮಾನ ಪ್ರಮಾಣಪತ್ರ ತರುವಷ್ಟರಲ್ಲಿ ರೋಗಿಯ ಪಾಡು ಏನಾಗುತ್ತದೆಂದು ಬಲ್ಲವರು.

ಈಗ ನಮ್ಮ ಸರದಿ. ಮುಂಬಯಿ ಪರಿಸರದ ಕನ್ನಡಿಗರ ಬಗ್ಗೆ ಬರೆದಾಗಲೆಲ್ಲ ನಾವು ಬರೆಯುವುದು ಸಾಹಸಗಾಥೆಯನ್ನು. ಬರಿಗೈಯಲ್ಲಿ ಬಂದು ಹೋಟೆಲು ಕಟ್ಟಿದವರು, ಬ್ಯಾಂಕು ಬೆಳೆಸಿದವರು, ಶಾಲೆ ನಡೆಸಿದವರು. ಎಲ್ಲವೂ ನಿಜ. ಆದರೆ ಒಬ್ಬ ಮಾಲೀಕನ ಹಿಂದೆ ಎಷ್ಟು ಮಂದಿ ಮಾಣಿಗಳಿದ್ದರು, ಭವಿಷ್ಯನಿಧಿಯಿಲ್ಲದೆ, ಪಿಂಚಣಿಯಿಲ್ಲದೆ ಅವರು ಮುದುಕರಾಗಿ ಯಾವ ಊರಿನ ಯಾವ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದಾರೆಂದು ನಮ್ಮ ಯಾವ ಸ್ಮರಣ ಸಂಚಿಕೆಯೂ ಬರೆಯಲಿಲ್ಲ. ವೈದ್ಯಕೀಯ ನೆರವು ಕೊಡುವ ಸಂಘಗಳಿಲ್ಲವೇ ಎಂದರೆ, ಇವೆ. ಕೆಲವು ಸದ್ದಿಲ್ಲದೆ ದೊಡ್ಡ ಕೆಲಸ ಮಾಡುತ್ತಿವೆ. ಹಲವು ಕಡೆ ಮಾತ್ರ ನೆರವು ಪಡೆಯುವವನು ವೇದಿಕೆ ಹತ್ತಬೇಕು, ಲಕೋಟೆ ಹಿಡಿಯಬೇಕು, ಫೋಟೋಕ್ಕೆ ನಿಲ್ಲಬೇಕು. ಎರಡನೆಯ ಸಾಲಿನಲ್ಲಿ ಬಿಳಿ ಅಂಗಿ ತೊಟ್ಟು ಕುಳಿತ ಮನುಷ್ಯ ಅದನ್ನು ನೋಡಿಯೇ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಲು ನಿರ್ಧರಿಸಿದ್ದರೆ ನಮಗೆ ಆಶ್ಚರ್ಯವೇಕಾಗಬೇಕು? ಸರ್ಕಾರ ಕಾರ್ಡಿನ ಬಣ್ಣ ಕೇಳಿತು. ನಾವು ಮುಖ ತೋರಿಸೆಂದೆವು.

ಇದರಲ್ಲಿ ವೈದ್ಯರ ಮೇಲೆ, ದಾದಿಯರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಹಾಸಿಗೆಗೆ ಇಬ್ಬರು ರೋಗಿಗಳನ್ನಿಟ್ಟು ಹಗಲಿರುಳು ನಿಲ್ಲುವ ಎಳೆಯ ವೈದ್ಯರ ಮೇಲೆ ಕೂಗಾಡಿ ನಮ್ಮ ಅಸಹಾಯಕತೆ ತೀರಿಸಿಕೊಳ್ಳುವುದು ಹೇಡಿತನ. ಕೇಳಬೇಕಾದ ಪ್ರಶ್ನೆಗಳು ನಗರಪರಿಷತ್ತಿಗೆ, ಶಾಸಕರಿಗೆ, ಮಂತ್ರಾಲಯಕ್ಕೆ ಸೇರಿದವು: ಈ ಊರಿಗೆ ಜನಸಂಖ್ಯೆಗೆ ತಕ್ಕ ಆಸ್ಪತ್ರೆ ಯಾವಾಗ? ದವಾಖಾನೆ ಸಂಜೆ ಏಕೆ ತೆರೆದಿಲ್ಲ? ಚಿಕಿತ್ಸೆ ಮೊದಲು, ಕಾಗದ ಆಮೇಲೆ ಎಂಬ ನಿಯಮ ಏಕಿಲ್ಲ? ಚುನಾವಣೆ ಬಂದಾಗ ಭಾಷಿಕ ಮತಗಳಿಗಾಗಿ ನಮ್ಮ ವೇದಿಕೆಗೆ ಬರುವವರಿಗೆ ಶಾಲು ಹೊದಿಸುವ ಮೊದಲು ಇವನ್ನು ಕೇಳಲಿ.

ಸಂಘಗಳಿಗೆ ನನ್ನ ಕೋರಿಕೆ ಚಿಕ್ಕದು. ವಾರಕ್ಕೊಂದು ಸಂಜೆ ಒಂದು ಮೇಜು, ಎರಡು ಕುರ್ಚಿ ಹಾಕಿ. ಮರಾಠಿ ನಮೂನೆ ತುಂಬಬಲ್ಲ, 41ಎಎ ಕಲಮನ್ನು ಓದಿದ, ಮಾಹಿತಿ ಹಕ್ಕಿನ ಅರ್ಜಿ ಬರೆಯಬಲ್ಲ ಒಬ್ಬರು ಕೂರಲಿ. ಕಾರ್ಡು, ಡೊಮಿಸೈಲ್, ವರಮಾನದ ಪತ್ರಗಳನ್ನು ಕಾಯಿಲೆ ಬರುವ ಮೊದಲೇ ಮಾಡಿಸಿಕೊಡಲಿ. ಬಾಗಿಲು ಮುಚ್ಚಿರಲಿ, ಕ್ಯಾಮೆರಾ ಹೊರಗಿರಲಿ.

ಆ ತಾಯಿ ಇನ್ನೂ ಅದೇ ಮನೆಯಲ್ಲಿದ್ದಾರೆ. ಅವರಿಗೂ ರಕ್ತದೊತ್ತಡವಿದೆಯೆಂದು ಹೋದ ತಿಂಗಳು ತಿಳಿಯಿತು. ಮಾತ್ರೆ ದಿನವೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. ಉತ್ತರ ಕೊಡದೆ ಚಹಾ ಮಾಡಲು ಒಳಗೆ ಹೋದರು.