ಲೂಪಿನ್ ಕಾಳಿನ ಕಹಿ

ಸಸ್ಯಗಳ ಗುಣದೋಷಗಳನ್ನು ಮನುಷ್ಯನು ತನ್ನ ನಾಲಗೆಯೊಂದರಿಂದಲೇ ನಿರ್ಣಯಿಸುವುದು ಎಷ್ಟರಮಟ್ಟಿಗೆ ನ್ಯಾಯವೆಂಬ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಲೂಪಿನ್ ಎಂಬ ದ್ವಿದಳ ಸಸ್ಯಕ್ಕಿಂತ ತಕ್ಕ ನಿದರ್ಶನವು ದುರ್ಲಭ. ಮೆಡಿಟರೇನಿಯನ್ ಸಮುದ್ರದ ಸುತ್ತಣ ದೇಶಗಳಲ್ಲಿಯೂ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿಯೂ ಪ್ರಾಚೀನಕಾಲದಿಂದ ಬೆಳೆದುಬಂದಿರುವ ಈ ಕಾಳಿನಲ್ಲಿ ಪ್ರೋಟೀನು ಸಮೃದ್ಧವಾಗಿದ್ದರೂ, ಲುಪಾನೀನ್, ಸ್ಪಾರ್ಟೀನ್ ಮೊದಲಾದ ಕಹಿ ಆಲ್ಕಲಾಯ್ಡುಗಳು ಅದರ ತೂಕದಲ್ಲಿ ಶೇಕಡಾ 1ಕ್ಕಿಂತ ಹೆಚ್ಚಾಗಿರುವುದುಂಟು; ಅವನ್ನು ತೆಗೆಯದೆ ತಿಂದವನಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ದೃಷ್ಟಿ ಮಂಜಾಗುತ್ತದೆ.

ಈ ವಿಷವು ಬೆಂಕಿಗೆ ಸುಲಭವಾಗಿ ಅಳಿಯದಿದ್ದರೂ ನೀರಿನಲ್ಲಿ ಕರಗುತ್ತದೆಂಬುದನ್ನು ಪೂರ್ವಿಕರು ಅನುಭವದಿಂದ ಅರಿತಿದ್ದರು. ಆಂಡೀಸಿನ ರೈತರು ‘ತಾರ್ವಿ’ ಎಂಬ ತಮ್ಮ ಲೂಪಿನ್ ಕಾಳನ್ನು ಬೇಯಿಸಿ, ಚೀಲದಲ್ಲಿ ತುಂಬಿ, ಹಲವು ದಿನ ಹರಿಯುವ ನೀರಿನಲ್ಲಿಡುವರು; ಈಜಿಪ್ಟಿನವರು ‘ತೆರ್ಮಿಸ್’ ಎಂಬ ಇದೇ ಜಾತಿಯ ಕಾಳನ್ನು ನೆನೆಸಿ, ನೀರನ್ನು ಮರಳಿ ಮರಳಿ ಬದಲಾಯಿಸಿ, ಉಪ್ಪು ಬೆರೆಸಿ ತಿನ್ನುವರು. ಅವರು ಸಸ್ಯವನ್ನು ಅದರ ಸ್ವಭಾವದಲ್ಲಿಯೇ ಬಿಟ್ಟು, ಕಾಳನ್ನು ಮಾತ್ರ ಸಂಸ್ಕರಿಸಿದರು.

ಆಧುನಿಕ ವಿಜ್ಞಾನವು ಬೇರೊಂದು ಮಾರ್ಗವನ್ನು ಹಿಡಿಯಿತು. 1920ರ ದಶಕದ ಕೊನೆಯಲ್ಲಿ ಜರ್ಮನಿಯ ರೈನ್‌ಹೋಲ್ಡ್ ಫಾನ್ ಸೆಂಗ್‌ಬುಶ್ ಎಂಬವನು ಅಸಂಖ್ಯ ಗಿಡಗಳನ್ನು ಪರೀಕ್ಷಿಸಿ, ಆಲ್ಕಲಾಯ್ಡು ಅತ್ಯಲ್ಪವಾಗಿದ್ದ ಕೆಲವನ್ನು ಆರಿಸಿ ‘ಸಿಹಿ’ ತಳಿಗಳಿಗೆ ತಳಹದಿ ಹಾಕಿದನು. ಪಶ್ಚಿಮ ಆಸ್ಟ್ರೇಲಿಯದಲ್ಲಿ ಜಾನ್ ಗ್ಲ್ಯಾಡ್‌ಸ್ಟೋನ್ಸ್ ಆ ಕಾರ್ಯವನ್ನು ವಿಶಾಲವಾದ ಕೃಷಿಯಾಗಿ ಬೆಳೆಸಿದರು. ನೆನೆಸುವ ಶ್ರಮವೂ ನೀರಿನ ವ್ಯಯವೂ ತಪ್ಪಿ, ದನಕುರಿಗಳಿಗೆ ಪುಷ್ಟಿಕರವಾದ ಮೇವು ದೊರೆತದ್ದು ಅಲ್ಪ ಲಾಭವೇನಲ್ಲ.

ಆದರೆ ಆ ಕಹಿಯು ಗಿಡವು ತನಗಾಗಿ ತೊಟ್ಟ ಕವಚ. ಎಲೆಗಳಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲದಿಂದ ಸಿದ್ಧವಾಗಿ ಬೀಜಕ್ಕೆ ಸಾಗುವ ಈ ದ್ರವ್ಯವು ಕುಗ್ಗಿದ ಗಿಡಗಳನ್ನು ಮೊಲಗಳು ಆಯ್ದು ಮೇಯುವುವು, ಗಿಡಹೇನುಗಳು ಸುಲಭವಾಗಿ ಮುತ್ತುವುವು. ಅಡುಗೆಮನೆಯಲ್ಲಿ ಉಳಿದ ಶ್ರಮವು ಹೀಗೆ ಬೇಲಿಯಾಗಿಯೂ ಕೀಟನಾಶಕವಾಗಿಯೂ ಹೊಲದಲ್ಲಿ ತಲೆದೋರುತ್ತದೆ.

ಇಷ್ಟರಿಂದ ಕಹಿಯೇ ಶ್ರೇಷ್ಠವೆಂದು ಸಾರುವುದೂ ಅವಿವೇಕವೇ. ಅಮೆರಿಕದ ಪಶ್ಚಿಮ ಭಾಗದ ಹುಲ್ಲುಗಾವಲುಗಳಲ್ಲಿ ಅನಾಜಿರೀನ್ ಎಂಬ ಆಲ್ಕಲಾಯ್ಡುಳ್ಳ ಕಾಡುಲೂಪಿನನ್ನು ಮೇದ ಗಬ್ಬದ ಹಸುಗಳು ಸೊಟ್ಟಕಾಲಿನ ಕರುಗಳನ್ನು ಈಯುವುದುಂಟು. ಎಲೆಯಲ್ಲಿ ಕಹಿಯನ್ನುಳಿಸಿ, ಅದು ಬೀಜಕ್ಕೆ ಸಾಗದಂತೆ ತಡೆಯಬೇಕೆಂದು ಈಗ ಸಂಶೋಧಕರು ನಡೆಸುತ್ತಿರುವ ಯತ್ನವೇ ಯುಕ್ತವಾದ ದಾರಿ. ಅದು ಫಲಿಸುವವರೆಗೆ, ಸಿಹಿ ತಳಿಯ ಲಾಭವನ್ನು ಲೆಕ್ಕಹಾಕುವವರು ಹೊಲಕ್ಕೆ ಸಿಂಪಡಿಸಿದ ಔಷಧದ ಬೆಲೆಯನ್ನೂ ಅದೇ ಲೆಕ್ಕದಲ್ಲಿ ಬರೆಯತಕ್ಕದ್ದು.