ಸಂಘದ ಕಚೇರಿಯ ಬೀಗ ತೆಗೆದರೆ ಮಕ್ಕಳ ಪ್ರಾಜೆಕ್ಟ್ ಮುಗಿದೀತು

ಜೂನ್ ತಿಂಗಳು ಬಂತೆಂದರೆ ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಲ್ಲಿ ಪುಸ್ತಕ ವಿತರಣೆಯ ಸಂಭ್ರಮ. ಹೊರಗೆ ಮಳೆ ಸುರಿಯುತ್ತಿದ್ದರೂ ಸಭಾಗೃಹ ತುಂಬಿರುತ್ತದೆ. ಪ್ರಾರ್ಥನೆ, ದೀಪ ಬೆಳಗುವುದು, ಅತಿಥಿಗಳಿಗೆ ಶಾಲು-ಪುಷ್ಪಗುಚ್ಛ, ಬಳಿಕ ಸಾಲಾಗಿ ನಿಂತ ಮಕ್ಕಳ ಕೈಗೆ ಒಂದು ಡಜನ್ ನೋಟು ಪುಸ್ತಕದ ಕಟ್ಟು. ಇದು ಹಿರಿಯರ ಕಾಲದಿಂದ ನಡೆದುಬಂದ ಒಳ್ಳೆಯ ಪದ್ಧತಿ. ನಿಲ್ಲಿಸಬೇಕೆಂದು ಯಾರೂ ಹೇಳಲಾರರು. ಆದರೆ ಶಾಲೆಯ ಕೆಲಸದ ಒಂದು ಪಾಲು ಈಗ ನೋಟು ಪುಸ್ತಕ ಬಿಟ್ಟು ಬೇರೆಡೆಗೆ ಹೋಗಿದೆ ಎಂಬುದನ್ನು ಪದಾಧಿಕಾರಿಗಳು ಗಮನಿಸಿದಂತಿಲ್ಲ.

ಶಿಕ್ಷಕಿಯರು ವಾಟ್ಸಾಪ್ ಗುಂಪಿಗೆ ಒಂದು ಲಿಂಕ್ ಕಳುಹಿಸುತ್ತಾರೆ. ನಾಲ್ಕೈದು ವಿದ್ಯಾರ್ಥಿಗಳು ತಂತಮ್ಮ ಮನೆಯಲ್ಲಿದ್ದುಕೊಂಡೇ ಒಂದೇ ಬರಹವನ್ನು ಕೂಡಿ ಬರೆಯಬೇಕು. ಗೂಗಲ್ ಡಾಕ್ಸ್ ಎಂಬ ಸೌಲಭ್ಯ 2006ರಿಂದಲೇ ಇದೆ, ಶಾಲೆಗಳಿಗೆಂದೇ ಮಾಡಿದ ಗೂಗಲ್ ಕ್ಲಾಸ್‌ರೂಮ್ 2014ರಲ್ಲಿ ಬಂತು. ಮೈಕ್ರೋಸಾಫ್ಟ್ ಟೀಮ್ಸ್, ಪ್ಯಾಡ್ಲೆಟ್ ಮುಂತಾದವು ಬೇರೆ. ಹೆಚ್ಚಿನವುಗಳ ಸಾಮಾನ್ಯ ಬಳಕೆಗೆ ಹಣ ಕೊಡಬೇಕಾಗಿಲ್ಲ. ಕಾಗದ ಒಂದೇ, ಅದು ಇರುವ ಜಾಗವೂ ಒಂದೇ. ಅನುಮತಿ ಇದ್ದವರೆಲ್ಲ ಅದನ್ನು ತೆರೆದು ಬರೆಯಬಹುದು, ತಿದ್ದಬಹುದು, ಬದಿಯಲ್ಲಿ ಟಿಪ್ಪಣಿ ಹಾಕಬಹುದು. ಒಬ್ಬರು ಅಂಧೇರಿಯಲ್ಲಿ ಒತ್ತಿದ ಅಕ್ಷರ ಇನ್ನೊಬ್ಬರಿಗೆ ಡೊಂಬಿವಲಿಯಲ್ಲಿ ಆ ಕ್ಷಣವೇ ಕಾಣುತ್ತದೆ.

ಹೇಳುವುದಕ್ಕೆ ಇಷ್ಟು ಸುಲಭ. ಮಾಡಲು ಹೊರಟಾಗ ಏನಾಗುತ್ತದೆ ಎಂಬುದಕ್ಕೆ ಉಪನಗರವೊಂದರ ಕನ್ನಡ ಮಾಧ್ಯಮ ಶಾಲೆಯ ಒಂಬತ್ತನೇ ತರಗತಿಯ ನಾಲ್ಕು ಮಕ್ಕಳ ಪ್ರಾಜೆಕ್ಟ್ ನೋಡಬೇಕು. ವಿಷಯ, ಮುಂಬಯಿಗೆ ನೀರು ಕೊಡುವ ಏಳು ಜಲಾಶಯಗಳು. ವಿಹಾರ, ತುಲ್ಸಿ, ತಾನ್ಸಾ, ಮೋಡಕ್ ಸಾಗರ, ಮೇಲಿನ ವೈತರಣಾ, ಮಧ್ಯ ವೈತರಣಾ, ಭಾತ್ಸಾ. ಮಕ್ಕಳು ಇವನ್ನು ಹಂಚಿಕೊಂಡರು. ವಿಹಾರ ಮತ್ತು ತುಲ್ಸಿ ನಗರದೊಳಗೇ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಆವರಣದಲ್ಲಿ ಇವೆ ಎಂಬುದೂ, ವಿಹಾರದ ಕಟ್ಟೆ 1860ರಷ್ಟು ಹಳೆಯದು ಎಂಬುದೂ ಅವರಿಗೆ ಹೊಸ ಸುದ್ದಿಯಾಗಿತ್ತು.

ಮೊದಲನೆಯ ಹುಡುಗ ತನ್ನ ಪಾಲನ್ನು ಸೋದರಮಾವನ ಮುದ್ರಣದ ಅಂಗಡಿಯಲ್ಲಿ ಕುಳಿತು ಚೆನ್ನಾಗಿಯೇ ಟೈಪ್ ಮಾಡಿದ. ಅಲ್ಲಿರುವುದು ಹಳೆಯ ನುಡಿ ಅಕ್ಷರಶೈಲಿ. ಅದನ್ನು ತಂದು ಡಾಕ್ಸ್‌ನಲ್ಲಿ ಅಂಟಿಸಿದರೆ ಕನ್ನಡವೆಲ್ಲ ಮಾಯವಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸಿತು. ಎರಡನೆಯ ಹುಡುಗಿಗೆ ಕನ್ನಡ ಕೀಲಿಮಣೆ ಹಾಕಿಕೊಳ್ಳುವುದು ಗೊತ್ತಿಲ್ಲದೆ 'ನೀರು' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸಿದಳು. ಮೂರನೆಯವನು ಜಾಣ. ಫೋನಿನ ಮೈಕ್ ಗುಂಡಿ ಒತ್ತಿ ಮಾತಾಡಿದ, ಫೋನೇ ಬರೆದುಕೊಂಡಿತು. ಗೂಗಲ್ 2017ರಲ್ಲಿ ಕನ್ನಡಕ್ಕೂ ಈ ಸೌಲಭ್ಯ ಕೊಟ್ಟಿದೆ. ಆದರೆ ಪೂರ್ಣವಿರಾಮವೇ ಇಲ್ಲದೆ ಒಂದು ಪುಟದುದ್ದದ ವಾಕ್ಯ ಸಿದ್ಧವಾಯಿತು, ನಡುವೆ ಅಡುಗೆಮನೆಯಿಂದ ತಾಯಿ ಕೂಗಿ ಹೇಳಿದ ಎರಡು ಮಾತೂ ಭಾತ್ಸಾ ಅಣೆಕಟ್ಟಿನ ವಿವರದೊಳಗೆ ಸೇರಿಹೋಯಿತು. ನಾಲ್ಕನೆಯವಳು ಇದನ್ನೆಲ್ಲ ಸರಿಮಾಡಲು ಹೊರಟು, ಎಲ್ಲವನ್ನೂ ಒಮ್ಮೆಗೆ ಆಯ್ದು, ಕೈತಪ್ಪಿ ಅಳಿಸಿಬಿಟ್ಟಳು. ನಾಳೆ ಒಪ್ಪಿಸಬೇಕು, ರಾತ್ರಿ ಒಂಬತ್ತು ಗಂಟೆ, ನಾಲ್ಕು ಮನೆಗಳಲ್ಲೂ ಗಲಾಟೆ.

ಕೊನೆಗೆ ಕೆಲಸ ಉಳಿದದ್ದು ಪಕ್ಕದ ಕಟ್ಟಡದ ಕಾಲೇಜು ಹುಡುಗನೊಬ್ಬನಿಂದ. ಅವನು ಕಂಪ್ಯೂಟರಿನಲ್ಲಿ ಕಡತ ತೆರೆದು 'ವರ್ಶನ್ ಹಿಸ್ಟರಿ' ಎಂಬಲ್ಲಿಗೆ ಹೋಗಿ, ಅಳಿಸುವ ಹತ್ತು ನಿಮಿಷ ಮೊದಲಿನ ರೂಪವನ್ನು ಹಾಗೆಯೇ ಮರಳಿ ತಂದುಕೊಟ್ಟ. ನುಡಿಯ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿಯೂ ಕೊಟ್ಟ. ಒಟ್ಟು ಹಿಡಿದದ್ದು ಕಾಲು ಗಂಟೆ.

ಈ ನುಡಿ-ಯೂನಿಕೋಡ್ ಸಂಗತಿ ಸಂಘಗಳಿಗೆ ಹೊಸದಲ್ಲ. ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆ ಮಾಡಿಸಿದವರಿಗೆಲ್ಲ ಈ ತಲೆನೋವು ಗೊತ್ತು. ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿರುತ್ತಾರೆ, ಆ ಅಕ್ಷರಶೈಲಿ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಹಾಗಾಗಿ ಎಲ್ಲಿ ತೆರೆದರೂ ಕನ್ನಡವೇ. ಕನ್ನಡಕ್ಕೆ ಉಚ್ಚಾರಣೆಗೆ ಹೊಂದುವ ಸರಳ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟ ಕೆ. ಪಿ. ರಾವ್ ಅವರು ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಅಂಥ ಊರಿನಲ್ಲಿ ಕನ್ನಡದ ಮಗುವೊಂದು 'ನೀರು' ಎಂದು ಕನ್ನಡದಲ್ಲಿ ಟೈಪ್ ಮಾಡಲು ಕಲಿಸುವವರಿಲ್ಲದೆ ಕುಳಿತಿದೆ ಎಂದರೆ ಅದು ಮಗುವಿನ ತಪ್ಪಲ್ಲ.

ವರ್ಶನ್ ಹಿಸ್ಟರಿಯ ಬಗ್ಗೆ ಇನ್ನೊಂದು ಮಾತು. ಬ್ಯಾಂಕಿನ ಕೌಂಟರಿನ ಆಚೆ ಕೆಲಸ ಮಾಡಿದವರಿಗೆ ಇದು ಕೂಡಲೇ ಅರ್ಥವಾದೀತು. ಅಲ್ಲಿ ನಮೂದು ಮಾಡುವವರೊಬ್ಬರು, ಪರಿಶೀಲಿಸಿ ಪಾಸ್ ಮಾಡುವವರು ಇನ್ನೊಬ್ಬರು. ಯಾರು, ಯಾವ ಹೊತ್ತಿಗೆ, ಏನು ಮುಟ್ಟಿದರೆಂಬ ಗುರುತು ಉಳಿಯುತ್ತದೆ. ಕೈಬರಹದ ಲೆಡ್ಜರಿನ ಕಾಲದಲ್ಲಿ ಅಳಿಸಿ ಬರೆಯುವಂತೆಯೇ ಇರಲಿಲ್ಲ, ತಪ್ಪಿದರೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕಿತ್ತು. ಮಕ್ಕಳ ಬರಹಕ್ಕೂ ಈಗ ಅಂಥದೊಂದು ಲೆಕ್ಕ ಸಿಕ್ಕಿದೆ. ನಾಲ್ವರ ಹೆಸರಿನಲ್ಲಿ ಒಬ್ಬನೇ ದುಡಿದು ಉಳಿದ ಮೂವರು ಅಂಕ ಪಡೆಯುವ ಹಳೆಯ ಚಾಳಿ ಇಲ್ಲಿ ಅಡಗಲಾರದು.

ತಂದೆ-ತಾಯಿ ಬರೆದುಕೊಟ್ಟದ್ದೂ ಅಡಗದು. ತಾನ್ಸಾ ಜಲಾಶಯದ ಭಾಗದಲ್ಲಿ 'ಸದರಿ ಜಲಾಶಯವು' ಎಂಬ ಒಕ್ಕಣೆ ಕಂಡಾಗಲೇ ಶಿಕ್ಷಕಿಗೆ ನಗು ಬಂದಿತ್ತಂತೆ. ಚರಿತ್ರೆ ತೆಗೆದು ನೋಡಿದರೆ ಆ ಇಡೀ ಪರಿಚ್ಛೇದ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಒಂದೇ ಏಟಿಗೆ ಬಂದು ಕುಳಿತಿತ್ತು. ಮಗುವಿನ ನಿದ್ದೆಯ ಹೊತ್ತು, ತಂದೆಯ ಕಚೇರಿ ಕನ್ನಡ! ಶಿಕ್ಷಕಿ ಬೈಯಲಿಲ್ಲ. ಬದಿಯ ಟಿಪ್ಪಣಿಯಲ್ಲಿ 'ಸದರಿ ಎಂದರೆ ಏನು, ತರಗತಿಯಲ್ಲಿ ಹೇಳು' ಎಂದಷ್ಟೇ ಬರೆದರು. ಮರುದಿನ ಹುಡುಗ ಆ ಭಾಗವನ್ನು ತನ್ನ ಮಾತಿನಲ್ಲಿ ಬರೆದ. ಕೆಂಪು ಶಾಯಿಯ ಅಡ್ಡಗೆರೆಯಿಂದ ಇಷ್ಟು ಕೆಲಸ ಆಗುತ್ತಿತ್ತೇ ಎಂಬುದು ಅನುಮಾನ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ತಂದೆಯ ಅಗತ್ಯವೂ ಇಲ್ಲ. ಕೇಳಿದರೆ ಯಂತ್ರವೇ ಕನ್ನಡದಲ್ಲಿ ಪ್ರಬಂಧ ಬರೆದುಕೊಡುತ್ತದೆ. ಅದನ್ನು ಪೂರ್ತಿ ತಡೆಯುವ ಉಪಾಯ ಯಾರ ಬಳಿಯೂ ಇಲ್ಲ, ಯಂತ್ರ ಕೊಟ್ಟದ್ದನ್ನು ನೋಡಿಕೊಂಡು ನಿಧಾನವಾಗಿ ಟೈಪ್ ಮಾಡುವ ಮಗುವನ್ನು ಚರಿತ್ರೆಯೂ ಹಿಡಿಯಲಾರದು. ಆದರೂ ಬರಹ ಹಂತ ಹಂತವಾಗಿ ಬೆಳೆದದ್ದು ಕಾಣುವ ಕಡೆ, ಗೆಳೆಯರು ನೋಡುತ್ತಿರುವ ಕಡೆ, ಕಳ್ಳತನಕ್ಕೆ ಸ್ವಲ್ಪ ಸಂಕೋಚವಾದರೂ ಇರುತ್ತದೆ.

ಮಕ್ಕಳ ಕೈಗೆ ಫೋನು, ಕಂಪ್ಯೂಟರ್ ಕೊಟ್ಟು ಹಾಳುಮಾಡುವುದೇಕೆ ಎಂದು ಹಿರಿಯರು ಕೇಳುತ್ತಾರೆ. ಕೊರೋನಾ ಕಾಲದ ನೆನಪು ಅವರಿಗಿದೆ. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳಿಗೆ ಮುಂಬಯಿಯ ಎಂಟರಿಂದ ಹನ್ನೆರಡನೇ ತರಗತಿಯ ಮಕ್ಕಳು ಮರಳಿದ್ದು 2021ರ ಅಕ್ಟೋಬರಿನಲ್ಲಿ. ಆ ದಿನಗಳಲ್ಲಿ ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳ ಪಾಡು ವಿಚಿತ್ರವಾಗಿತ್ತು. ಚಂದನ ವಾಹಿನಿಯಲ್ಲಿ ಬಂದ ಪಾಠಗಳು ಕರ್ನಾಟಕದ ಪಠ್ಯಕ್ರಮಕ್ಕೆ, ಇಲ್ಲಿನವರು ಓದುವುದು ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲಿ ಅಚ್ಚುಹಾಕಿದ ಪುಸ್ತಕ. ಮರಾಠಿ ಮಕ್ಕಳಿಗೆ ಸಿಕ್ಕಷ್ಟು ವಿಡಿಯೋ ಪಾಠಗಳು ಇವರಿಗೆ ಸಿಗಲಿಲ್ಲ. ಸಿಕ್ಕಿದ್ದನ್ನು ಸುಮ್ಮನೆ ನೋಡುತ್ತ ಕುಳಿತ ಮಕ್ಕಳಿಗೆ ಫೋನಿನ ಗೀಳು ಹಿಡಿದದ್ದೂ ನಿಜವೇ. ಆದರೆ ನೋಡುವುದು ಬೇರೆ, ಬರೆಯುವುದು ಬೇರೆ. ಕೂಡಿ ಬರೆಯುವ ಹಾಳೆಯಲ್ಲಿ ಕೈಕಟ್ಟಿ ಕುಳಿತವನ ಜಾಗ ಖಾಲಿಯೇ ಉಳಿಯುತ್ತದೆ.

ನಿಜವಾದ ಅಡ್ಡಿ ಬೇರೆ ಇದೆ. ಈ ನಗರದಲ್ಲಿ ಕುಳಿತು ಬರೆಯಲು ಜಾಗ ಎಲ್ಲಿದೆ? ಚಾಳಿನ ಒಂದು ಕೋಣೆ, ಅದರಲ್ಲೇ ಅಡುಗೆ, ಟಿವಿ, ಅಜ್ಜಿಯ ಹಾಸಿಗೆ. ಮನೆಗೊಂದು ಒಳ್ಳೆಯ ಫೋನಿದ್ದರೆ ಅದು ಬೆಳಗ್ಗೆಯೇ ತಂದೆಯ ಜತೆ ಹೋಟೆಲಿಗೋ ಕ್ಯಾಂಟೀನಿಗೋ ಹೋಗಿಬಿಡುತ್ತದೆ. ಅಂಗೈಯಗಲದ ಪರದೆಯಲ್ಲಿ ಏಳು ಜಲಾಶಯಗಳ ಕೋಷ್ಟಕ ಹಾಕುವುದು ದೊಡ್ಡವರಿಗೂ ಕಷ್ಟ. ಇದಕ್ಕೆ ಪರಿಹಾರವೆಂದು ಕೆಲವು ದಾನಿಗಳು ಟ್ಯಾಬ್ ಹಂಚುತ್ತಾರೆ, ಹಿಂಬದಿಯಲ್ಲಿ ದಾನಿಯ ಹೆಸರಿನ ಚೀಟಿ. ಮೂರು ತಿಂಗಳಲ್ಲಿ ರೀಚಾರ್ಜ್ ಮುಗಿದರೆ ಅದು ಆಟದ ಪೆಟ್ಟಿಗೆ. ಚೀಟಿ ಮಾತ್ರ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ.

ಇತ್ತ ಸಂಘದ ಕಚೇರಿ ನೋಡಿ. ಟ್ಯೂಬ್‌ಲೈಟ್, ಫ್ಯಾನ್, ಉದ್ದದ ಮೇಜು, ಸದಸ್ಯರ ಪಟ್ಟಿಗೆಂದು ಕೊಂಡ ಕಂಪ್ಯೂಟರ್, ಪ್ರಿಂಟರ್, ತಿಂಗಳ ಬಾಡಿಗೆ ಕಟ್ಟುತ್ತಿರುವ ಇಂಟರ್ನೆಟ್ ಎಲ್ಲವೂ ಇದೆ. ಬಾಗಿಲು ತೆರೆಯುವುದು ಮಾತ್ರ ಭಾನುವಾರದ ಕಾರ್ಯಕಾರಿ ಸಮಿತಿ ಸಭೆಗೆ. ವಾರದ ಉಳಿದ ದಿನ ಬೀಗ. ಬೀಗದ ಕೈ ಕಾರ್ಯದರ್ಶಿಯವರ ಬಳಿ, ಕಾರ್ಯದರ್ಶಿ ಊರಿಗೆ ಹೋಗಿರುತ್ತಾರೆ.

ಮುಂಬಯಿ ಕನ್ನಡಿಗರ ಹಿರಿಯ ತಲೆಮಾರು ಹೀಗಿರಲಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದ ಹುಡುಗರು ಸಂಜೆ ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ಮೆಟ್ರಿಕ್ ಮುಗಿಸಿದರು. ಅವರಲ್ಲಿ ಎಷ್ಟೋ ಮಂದಿ ವಕೀಲರಾದರು, ಬ್ಯಾಂಕ್ ಸೇರಿದರು, ಉದ್ಯಮಿಗಳಾದರು, ಇಂದು ಸಂಘಗಳ ವೇದಿಕೆಯಲ್ಲೂ ಕಾಣಸಿಗುತ್ತಾರೆ. ಆ ಶಾಲೆಗಳನ್ನು ಕಟ್ಟಿದವರು ಹುಡುಗರಿಗೆ ಮೊದಲು ಕೊಟ್ಟದ್ದು ದೀಪ ಉರಿಯುವ ಒಂದು ಕೋಣೆ, ಮತ್ತು ಕಲಿಸಲು ಒಬ್ಬ ಮಾಸ್ತರರು. ಇಂದಿನ ಮಗು ಕೇಳುತ್ತಿರುವುದೂ ಅದನ್ನೇ.

ವಾರಕ್ಕೆ ಎರಡು ಸಂಜೆ, ಆರರಿಂದ ಎಂಟೂವರೆ, ಕಚೇರಿ ತೆರೆದರೆ ಸಾಕು. ಯಾರದಾದರೂ ಕಂಪೆನಿಯಲ್ಲಿ ಬದಲಾಯಿಸಿ ಮೂಲೆಗಿಟ್ಟ ಎರಡು ಹಳೆಯ ಕಂಪ್ಯೂಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕನ್ನಡ ತಪ್ಪಿಲ್ಲದೆ ಬರೆಯಬಲ್ಲ ನಿವೃತ್ತ ಶಿಕ್ಷಕಿಯರು, ಸ್ಮರಣ ಸಂಚಿಕೆಗೆ ಟೈಪ್ ಮಾಡಿ ಕೈಪಳಗಿದವರು ಪ್ರತಿ ಸಂಘದಲ್ಲೂ ಇದ್ದಾರೆ. ತಂತ್ರ ಗೊತ್ತಿರುವ ಕಾಲೇಜು ಹುಡುಗರೂ ಇದ್ದಾರೆ, ಅವರಿಗೆ ಕನ್ನಡ ಓದಲು ಬರುವುದಿಲ್ಲ. ಈ ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತರೆ ಮಕ್ಕಳಿಗಷ್ಟೇ ಅಲ್ಲ, ಅವರವರಿಗೂ ಲಾಭ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ-ಮರಾಠಿ ಎಂದು ಬೆಳೆದ ಮಕ್ಕಳೂ ಬಂದು ನಾಲ್ಕು ಸಾಲು ಕನ್ನಡ ಬರೆಯಲಿ, ಬೇಡವೆನ್ನುವವರು ಯಾರು?

ಕೆಲವು ಎಚ್ಚರಿಕೆ ಬೇಕು. ಗೂಗಲ್ ಖಾತೆಯನ್ನು ಸ್ವಂತವಾಗಿ ತೆರೆಯಲು ಮಕ್ಕಳಿಗೆ ಹದಿಮೂರು ತುಂಬಿರಬೇಕು, ಅದಕ್ಕಿಂತ ಚಿಕ್ಕವರದು ಪಾಲಕರ ಮೂಲಕ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ವಿಷಯದಲ್ಲಿ ಪಾಲಕರ ಒಪ್ಪಿಗೆ ಕೇಳುತ್ತದೆ. ಒಂದು ಕಾಗದದ ಮೇಲೆ ಸಹಿ ಪಡೆದು ಫೈಲ್ ಮಾಡಿಟ್ಟರೆ ಸಂಘಕ್ಕೂ ನೆಮ್ಮದಿ. ಸಂಘದ ಖಾತೆಯನ್ನು ಯಾರೊಬ್ಬರ ಸ್ವಂತ ಮೊಬೈಲ್ ನಂಬರಿಗೂ ಕಟ್ಟಿಹಾಕಬಾರದು. ಚುನಾವಣೆ ಮುಗಿದು ಸಮಿತಿ ಬದಲಾದ ಮೇಲೆ ಒಟಿಪಿಗಾಗಿ ಮಾಜಿ ಕಾರ್ಯದರ್ಶಿಯವರನ್ನು ಹುಡುಕುತ್ತ ಹೋಗುವ ಫಜೀತಿ ಯಾರಿಗೂ ಬೇಡ. ಇನ್ನೊಂದು, ಮುಗಿದ ಬರಹದ ಒಂದು ಪ್ರತಿಯನ್ನು ಪ್ರಿಂಟ್ ತೆಗೆದಿಡಬೇಕು. 2009ರಲ್ಲಿ ಭಾರೀ ಸದ್ದು ಮಾಡಿದ ಗೂಗಲ್ ವೇವ್‌ಗೆ ಮರುವರ್ಷವೇ ಕಂಪೆನಿ ಕೈಬಿಟ್ಟಿತು. ಅನೇಕ ದೇಶಗಳ ಶಿಕ್ಷಕರು ನೆಚ್ಚಿಕೊಂಡಿದ್ದ ವಿಕಿಸ್ಪೇಸಸ್ 2018ರಲ್ಲಿ ಮುಚ್ಚಿತು. ಪುಕ್ಕಟೆ ಸಿಗುವ ವಸ್ತು ನಾಳೆಯೂ ಇರುತ್ತದೆಂಬ ಖಾತ್ರಿ ಇಲ್ಲ.

ಅಂದಹಾಗೆ, ಆ ಜಲಾಶಯದ ಪ್ರಾಜೆಕ್ಟಿನ ಟಿಪ್ಪಣಿಗಳಲ್ಲಿ ಕೊನೆಯವರೆಗೆ ನಡೆದ ಜಗಳ ವೈತರಣಾವೋ ವೈತರಣಿಯೋ ಎಂಬುದರ ಬಗ್ಗೆ. ಒಬ್ಬಳು ಪುರಾಣದ ವೈತರಣಿ ನದಿಯ ಕತೆ ತಂದಳು, ಇನ್ನೊಬ್ಬ ರೈಲು ನಿಲ್ದಾಣದ ಹೆಸರಿನ ಫಲಕದ ಫೋಟೋ ಹಾಕಿದ. ನಾಲ್ಕು ಮಕ್ಕಳು ಕನ್ನಡದ ಒಂದು ಪದಕ್ಕಾಗಿ ಕನ್ನಡದಲ್ಲೇ ಇಪ್ಪತ್ತಮೂರು ಟಿಪ್ಪಣಿ ಬರೆದಿದ್ದರು. ಅದಕ್ಕೆ ಅಂಕ ಇರಲಿಲ್ಲ.

ಪುಸ್ತಕ ವಿತರಣೆಯ ಲೆಕ್ಕಾಚಾರಕ್ಕೆಂದು ಸಮಿತಿಗಳು ಸಭೆ ಸೇರುವ ದಿನ ಈ ವಿಷಯವನ್ನೂ ಕಾರ್ಯಸೂಚಿಗೆ ಸೇರಿಸಬಹುದು. ಕಂಪ್ಯೂಟರು, ದಾನಿಗಳು, ಉದ್ಘಾಟನೆ ಎಲ್ಲ ಆಮೇಲೆ. ಬೀಗದ ಕೈಯ ಇನ್ನೊಂದು ಪ್ರತಿ ಮಾಡಿಸಿ ಯಾರ ಬಳಿ ಇಡುವುದೆಂದು ಮೊದಲು ತೀರ್ಮಾನವಾಗಲಿ.