ಬೆಳ್ಳಿತೆರೆಯ ಪೂರ್ವದೇಶದ ಹೆಣ್ಣು

ಪರಕಾಯಪ್ರವೇಶ ನಟನ ಧರ್ಮ. ಯಕ್ಷಗಾನದಲ್ಲಿ ಗಂಡಸರು ದ್ರೌಪದಿಯಾಗಿ, ದಮಯಂತಿಯಾಗಿ ರಂಗಸ್ಥಳಕ್ಕೆ ಬಂದುದನ್ನು ನಾವು ತಲೆತಲಾಂತರದಿಂದ ಮೆಚ್ಚಿದ್ದೇವೆ. ಹೀಗಿರುವಾಗ, ಪಾಶ್ಚಾತ್ಯ ಚಲನಚಿತ್ರಗಳಲ್ಲಿ ಏಷ್ಯದ ಹೆಣ್ಣಿನ ಪಾತ್ರವನ್ನು ಬಿಳಿಯ ನಟಿ ವಹಿಸಿದರೆ ಆಕ್ಷೇಪವೇಕೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಉತ್ತರವನ್ನು ಕಲಾತತ್ತ್ವದಲ್ಲಿ ಹುಡುಕಿದರೆ ಸಾಲದು. ಆ ಪಾತ್ರಗಳು ಯಾರ ಕೈತಪ್ಪಿದುವೋ ಅವರ ಬಾಳನ್ನೂ ನೋಡಬೇಕು ಎಂದು ನನಗೆ ತೋರುತ್ತದೆ.

ಆನಾ ಮೇ ವಾಂಗ್ 1905ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಹುಟ್ಟಿದಳು. ತಂದೆ ಬಟ್ಟೆ ಒಗೆಯುವ ಅಂಗಡಿಯಿಟ್ಟಿದ್ದ ಚೀನೀ ಮನೆತನದವನು. 1922ರ ‘ದಿ ಟೋಲ್ ಆಫ್ ದಿ ಸೀ’ ಚಿತ್ರದಲ್ಲಿ, ಹದಿಹರೆಯದಲ್ಲಿಯೇ, ಆಕೆ ನಾಯಕಿಯಾದಳು. ಬಿಳಿಯನೊಬ್ಬನನ್ನು ನಂಬಿ, ಅವನು ತೊರೆದ ಬಳಿಕ ಮಗುವನ್ನು ಅವನ ಬಿಳಿಯ ಪತ್ನಿಗೆ ಒಪ್ಪಿಸಿ, ಕಡಲಿನ ಪಾಲಾಗುವ ಹೆಣ್ಣು ಅದು. ಪುಚ್ಚಿನಿಯ ‘ಮದಾಮ ಬಟರ್‌ಫ್ಲೈ’ ಗೀತನಾಟಕದ ಕಥೆಯನ್ನೇ ಜಪಾನಿನಿಂದ ಚೀನಕ್ಕೆ ಸಾಗಿಸಿದಂತಿತ್ತು. 1931ರ ‘ಡಾಟರ್ ಆಫ್ ದಿ ಡ್ರ್ಯಾಗನ್’ ಚಿತ್ರದಲ್ಲಿ ಅವಳೇ ಸೇಡಿನ ಸರ್ಪಿಣಿ. ಒಂದು ಅಚ್ಚು ತಾವರೆಯದು, ಇನ್ನೊಂದು ಘಟಸರ್ಪದ್ದು. ಎರಡರ ಕೊನೆಯೂ ಸಾವೇ. ಮುನಿಯುವ, ನಗುವ, ಮನೆ ನಡೆಸುವ ಸಾಮಾನ್ಯ ಹೆಂಗಸಿಗೆ ಅಲ್ಲಿ ಅಚ್ಚೇ ಇರಲಿಲ್ಲ.

ಅಂಥ ಹೆಂಗಸೊಬ್ಬಳು ಬಂದುದು ಪರ್ಲ್ ಬಕ್ ಅವರ ‘ದಿ ಗುಡ್ ಅರ್ತ್’ ಕಾದಂಬರಿಯಲ್ಲಿ. ಬರಗಾಲವನ್ನು ಸಹಿಸಿ ಸಂಸಾರವನ್ನು ನಿಲ್ಲಿಸುವ ರೈತನ ಹೆಂಡತಿ ಓಲಾನ್. ಅದು 1937ರಲ್ಲಿ ಚಿತ್ರವಾಯಿತು. ಆನಾ ಆ ಪಾತ್ರವನ್ನು ಬಯಸಿದಳು, ಅದು ದೊರೆಯಲಿಲ್ಲ. ಅಮೆರಿಕದ ಚಿತ್ರೋದ್ಯಮದ ನಿಯಮಾವಳಿ 1934ರಿಂದ ಬಿಗಿಯಾಗಿ ಜಾರಿಗೆ ಬಂದಿತ್ತು. ಅಕ್ಷರದಲ್ಲಿ ಅದು ನಿಷೇಧಿಸಿದ್ದು ಬಿಳಿಯರ ಮತ್ತು ಕರಿಯರ ನಡುವಣ ದಾಂಪತ್ಯವನ್ನು. ಆಚರಣೆಯಲ್ಲಿ ಏಷ್ಯದವರನ್ನೂ ಅದು ಬಿಡಲಿಲ್ಲ. ರೈತನ ವೇಷ ಬಿಳಿಯ ನಟ ಪಾಲ್ ಮ್ಯೂನಿಗೆ ಸಂದಿತ್ತು. ಓಲಾನಳಾದವಳು ಜರ್ಮನಿಯಲ್ಲಿ ಹುಟ್ಟಿದ ಲೂಯಿಸ್ ರೈನರ್. ಆಸ್ಕರ್ ಪ್ರಶಸ್ತಿಯೂ ಅವಳಿಗೇ ಬಂದಿತು. ಆನಾಳ ಮುಂದಿಟ್ಟದ್ದು ಆ ಮನೆಯನ್ನು ಒಡೆಯುವ ಉಪಪತ್ನಿಯ ಪಾತ್ರ. ಅವಳು ಒಲ್ಲೆನೆಂದಳು. 1936ರಲ್ಲಿ ತನ್ನ ಹಿರಿಯರ ಚೀನವನ್ನು ಕಾಣಲು ಹೊರಟುಹೋದಳು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ರೈನರ್ ಅಭಿನಯ ಕಳಪೆಯೆಂದು ಯಾರೂ ಹೇಳಬೇಕಾಗಿಲ್ಲ. ಬಾಗಿಲು ಒಂದೇ ದಿಕ್ಕಿಗೆ ತೆರೆಯುತ್ತಿದ್ದುದೇ ದೋಷ. ಬಿಳಿಯಳು ಚೀನೀ ಹೆಣ್ಣಾಗಬಹುದು. ಚೀನೀ ಹೆಣ್ಣು ಬಿಳಿಯಳಾಗುವುದಿರಲಿ, ಚೀನೀ ಗೃಹಿಣಿಯೂ ಆಗುವಂತಿಲ್ಲ. ನಮ್ಮ ರಂಗಸ್ಥಳವೂ ಬಹುಕಾಲ ಹೆಣ್ಣನ್ನು ಹೊರಗಿಟ್ಟಿತ್ತೆಂಬುದನ್ನು ಇಲ್ಲಿ ಮರೆಮಾಚಲಾಗದು. ವೇಷ ಚೆಲುವಾಗಿದ್ದ ಮಾತ್ರಕ್ಕೆ ಮುಚ್ಚಿದ ಬಾಗಿಲು ತೆರೆದಂತಾಗುವುದಿಲ್ಲ.

ಭಾರತದ ಹೆಣ್ಣಿನ ಗತಿಯೂ ಬೇರೆಯಾಗಲಿಲ್ಲ. ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಸಾಬು 1947ರ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದಲ್ಲಿ ರಾಜಕುಮಾರನಾದ. ಅವನನ್ನು ಮರುಳುಗೊಳಿಸುವ ಕಾಂಚಿ ಎಂಬ ಹುಡುಗಿಯಾದವಳು ಮುಖಕ್ಕೆ ಕಂದುಬಣ್ಣ ಬಳಿದುಕೊಂಡ ಇಂಗ್ಲಿಷ್ ನಟಿ ಜೀನ್ ಸಿಮನ್ಸ್. ಆ ಹುಡುಗಿಗೆ ಒನಪುಂಟು, ನೋಟವುಂಟು. ಮಾತು ಇಲ್ಲವೆಂದೇ ಹೇಳಬೇಕು.

ಕಾಲ ಬದಲಾಗಿದೆ. ಆನಾ 1961ರಲ್ಲಿ ತೀರಿಕೊಂಡಳು. 2022ರಲ್ಲಿ ಅಮೆರಿಕ ತನ್ನ ಕಾಲು ಡಾಲರ್ ನಾಣ್ಯದ ಮೇಲೆ ಅವಳ ಮುಖವನ್ನು ಮೂಡಿಸಿತು. 2023ರಲ್ಲಿ ಮಲೇಷ್ಯದ ಮಿಶೆಲ್ ಯೋ ಶ್ರೇಷ್ಠ ನಟಿಯೆಂದು ಆಸ್ಕರ್ ಪಡೆದಳು. ಆಕೆ ವಹಿಸಿದ್ದು ಬಟ್ಟೆ ಒಗೆಯುವ ಅಂಗಡಿ ನಡೆಸುತ್ತ ತೆರಿಗೆಯ ಲೆಕ್ಕಕ್ಕೆ ತಲೆಕೆಡಿಸಿಕೊಳ್ಳುವ, ಗಂಡನ ಮೇಲೂ ಮಗಳ ಮೇಲೂ ರೇಗುವ ನಡುವಯಸ್ಸಿನ ಗೃಹಿಣಿಯ ಪಾತ್ರ. ಆನಾ ಹುಟ್ಟಿ ಬೆಳೆದ ಮನೆಯಲ್ಲಿ ಅಂಥ ಹೆಂಗಸರು ಅಪರೂಪವಾಗಿರಲಾರರು. ಅವರು ತೆರೆಯ ನಡುವಿಗೆ ಬರಲು ನೂರು ವರ್ಷ ಹಿಡಿಯಿತು.

ನಾಣ್ಯದ ಗೌರವ ದೊಡ್ಡದೇ. ಆದರೂ ಬದುಕಿದ್ದಾಗ ಓಲಾನಳ ಪಾತ್ರವೊಂದನ್ನು ಕೊಟ್ಟಿದ್ದರೆ ಆ ಮಹಾನಟಿಗೆ ಅದಕ್ಕಿಂತ ಹೆಚ್ಚಿನದು ಸಲ್ಲುತ್ತಿತ್ತು. ಇಂದು ಚಿತ್ರ ನೋಡುವ ವಿದ್ಯಾರ್ಥಿಗಳು, ಅದು ಹಾಲಿವುಡ್ಡಿನದಾಗಲಿ ನಮ್ಮದೇ ಆಗಲಿ, ಪರಜನರ ಹೆಣ್ಣು ತೆರೆಗೆ ಬಂದಾಗ ಇಷ್ಟನ್ನು ಗಮನಿಸಲಿ: ಅವಳಿಗೆ ಸ್ವಂತ ಮಾತಿದೆಯೆ? ಕಥೆ ಮುಗಿದಾಗ ಅವಳು ಬದುಕಿದ್ದಾಳೆಯೆ?